ಮಳೆಗಾಲದ ಚೌಕ

“ಮಗು ತಪ್ಪಿದರೆ ಮಾಂಟೆಸೊರಿ ಸಾಮಗ್ರಿಯೇ ಅದನ್ನು ತಿದ್ದುತ್ತದೆ ಅಂತೀರಿ. ಹಾಗಾದರೆ ಶಿಕ್ಷಕಿ ಯಾಕೆ ಬೇಕು?” ಎಂದು ತರಬೇತಿಗೆ ಬಂದಿದ್ದ ಪ್ರಫುಲ್ಲಾ ಕೇಳಿದಳು.

ಅವಳ ಗುರು ಸರಸಮ್ಮನವರು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಅವಳ ತರಗತಿಯಲ್ಲಿ ಒಂದು ಮರದ ಹಲಗೆಯಿತ್ತು. ಅದರಲ್ಲಿ ತ್ರಿಕೋನ, ಚೌಕ, ವೃತ್ತದ ಆಕಾರದ ಕುಳಿಗಳನ್ನು ಕೊರೆದಿದ್ದರು. ಒಂದೊಂದು ಕುಳಿಗೂ ಒಂದೊಂದು ಮರದ ಬಿಲ್ಲೆ. ಬಿಲ್ಲೆ ಕುಳಿಯಲ್ಲಿ ಕೂರದಿದ್ದರೆ ಮಗುವಿಗೆ ತನ್ನ ತಪ್ಪು ತಾನೇ ತಿಳಿಯುತ್ತದೆ, ದೊಡ್ಡವರು ನಡುವೆ ಬಾಯಿ ಹಾಕಬಾರದು ಎಂಬುದು ಶಿಕ್ಷಕಿ ಕಲಿತ ನಿಯಮ. ನಿಯಮವೆಂದರೆ ಅವಳಿಗೆ ಪ್ರಾಣ. “ಕಣ್ಣು ಮೋಸ ಹೋಗಬಹುದು, ಮರ ಸುಳ್ಳು ಹೇಳುವುದಿಲ್ಲ” ಎಂದು ಮಕ್ಕಳಿಗೂ ಹೇಳಿಕೊಟ್ಟಿದ್ದಳು.

ಆ ತರಗತಿಗೆ ನಾಲ್ಕು ವರ್ಷದ ಒಬ್ಬ ಹುಡುಗಿ ಬರುತ್ತಿದ್ದಳು. ಬೇಸಿಗೆಯಲ್ಲಿ ಎಲ್ಲ ಬಿಲ್ಲೆಗಳನ್ನೂ ಚಕಚಕನೆ ಕೂರಿಸುತ್ತಿದ್ದವಳು ಮಳೆಗಾಲದಲ್ಲಿ ಚೌಕದ ಹತ್ತಿರ ನಿಂತುಬಿಟ್ಟಳು. ತಿರುಗಿಸಿದಳು, ಒತ್ತಿದಳು, ಅದು ಒಳಗೆ ಹೋಗಲಿಲ್ಲ. ಶಿಕ್ಷಕಿಯ ಮುಖ ನೋಡಿದಳು. ಶಿಕ್ಷಕಿ ಕೈಕಟ್ಟಿ ಕೂತಿದ್ದಳು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಹುಡುಗಿ ಆ ಸಣ್ಣ ಚೌಕವನ್ನು ವೃತ್ತದ ದೊಡ್ಡ ಕುಳಿಯಲ್ಲಿ ಇಟ್ಟಳು. ಅದು ಸಲೀಸಾಗಿ ಒಳಗೆ ಕೂತಿತು. ವೃತ್ತದ ಬಿಲ್ಲೆ ಹೊರಗೇ ಉಳಿಯಿತು. ಶಿಕ್ಷಕಿ ಆಗಲೂ ತುಟಿಪಿಟಕ್ಕೆನ್ನಲಿಲ್ಲ. ತನ್ನ ತಾಳ್ಮೆಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ ಬೇರೆ.

ತಿಂಗಳು ಕಳೆದ ಮೇಲೆ ಅವಳು ಹುಡುಗಿಯ ಕೈಗೆ ಚೌಕ ಕೊಟ್ಟು, “ಇದೇನು, ಹೇಳು” ಎಂದಳು.

ಹುಡುಗಿ ಅದರ ನಾಲ್ಕು ಮೂಲೆಗಳ ಮೇಲೂ ಬೆರಳಾಡಿಸಿ, “ವೃತ್ತ” ಎಂದಳು.

ಶಿಕ್ಷಕಿ ಒಂದು ಮೂಲೆಯನ್ನು ಮುಟ್ಟಿ ತೋರಿಸಿದಳು. “ಮೂಲೆ ಇದೆಯಲ್ಲಮ್ಮ, ಕಾಣಲ್ವಾ?”

“ಕಾಣತ್ತೆ ಮಿಸ್. ನನ್ನ ಕಣ್ಣೇ ಸರಿ ಇಲ್ಲ. ಮರ ಸುಳ್ಳು ಹೇಳಲ್ಲ ಅಲ್ವಾ?”

ಶಿಕ್ಷಕಿ ಚೌಕವನ್ನು ಕಿತ್ತುಕೊಂಡು ಅದರ ಕುಳಿಗೆ ತಾನೇ ಒತ್ತಿದಳು. ಹೋಗಲಿಲ್ಲ. ಎರಡೂ ಹೆಬ್ಬೆರಳು ಊರಿ ಒತ್ತಿದಳು. ಆಗಲೂ ಹೋಗಲಿಲ್ಲ. ತೇವಕ್ಕೆ ಮರ ಉಬ್ಬಿತ್ತು. ಒಂದು ತಿಂಗಳಿಂದ ಆ ಬಿಲ್ಲೆಯನ್ನು ತಾನು ಒಮ್ಮೆಯೂ ಕೂರಿಸಿ ನೋಡಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

“ನಿನ್ನ ಕಣ್ಣು ಸರಿಯಾಗಿದೆ ಕಂದ, ಮರದ್ದೇ ತಪ್ಪು” ಎಂದಳು.

“ಸುಮ್ನೆ ಹೇಳ್ತೀರಿ” ಎಂದು ಹುಡುಗಿ ತಲೆ ತಗ್ಗಿಸಿದಳು.

ಸರಸಮ್ಮನವರು ಅಲ್ಲಿಗೆ ನಿಲ್ಲಿಸಿದರು. ಪ್ರಫುಲ್ಲಾಳಿಗೆ ತಡೆಯಲಾಗಲಿಲ್ಲ. “ಆಮೇಲೆ ಸರಿಹೋಯಿತು ತಾನೇ?” ಎಂದು ಕೇಳಿದಳು.

“ಮರ ನಾಲ್ಕು ದಿನದ ಬಿಸಿಲಿಗೆ ಸರಿಹೋಯಿತು” ಎಂದರು ಸರಸಮ್ಮನವರು.