ಐದು ಗಳಿಗೆಯ ಭಾಷಣ

ದೊರೆ ಮುದ್ದರಾಜರು ನನ್ನನ್ನು ಕರೆಸಿ, ಐದು ಗಳಿಗೆಯ, ಎಂದರೆ ಎರಡು ತಾಸಿನ, ಭಾಷಣ ಬರೆಯಲು ಹೇಳಿದರು.

ಕೋಟೆಯ ಪಡುವಣ ಗೋಡೆ ಅರ್ಧಕ್ಕೆ ನಿಂತಿತ್ತು. ಕಲ್ಲುಕುಟಿಗರು ಉಳಿ ಸುತ್ತಿಗೆ ಕೆಳಗಿಟ್ಟು ಮನೆ ಸೇರಿದ್ದರು. ಮಳೆಗಾಲಕ್ಕೆ ಒಂದೂವರೆ ತಿಂಗಳಿತ್ತು. ಅರ್ಧ ಗೋಡೆಗೆ ಮಳೆ ಹೊಡೆದರೆ ಕಟ್ಟಿದ್ದೂ ಕುಸಿಯುತ್ತದೆ.

"ನಾನು ಮಾತಾಡಿದರೆ ಬರುತ್ತಾರೆ. ನನ್ನ ಮಾತಿನ ನಡುವೆ ಇಂದಿನವರೆಗೆ ಒಬ್ಬನೂ ಎದ್ದು ಹೋಗಿಲ್ಲ" ಎಂದರು ದೊರೆ.

ನಿಜ. ಅವರು ಮಾತಾಡುವಾಗ ಬಾಗಿಲಲ್ಲಿ ಈಟಿಯವರು ನಿಂತಿರುತ್ತಿದ್ದರು.

"ಭಾಷಣ ಮುಗಿಯುವ ಮೊದಲು ಒಬ್ಬ ಎದ್ದರೂ ನಿನ್ನ ಕೆಲಸ ಹೋಯಿತು, ಹಂಪಣ್ಣ. ಚೆಲುವರಾಜ ಕಾಯುತ್ತಿದ್ದಾನೆ."

ಚೆಲುವರಾಜ ದೊರೆಯ ಭಾವಮೈದ. ಮೂರು ವರ್ಷದಿಂದ ನನ್ನ ಜಾಗದ ಮೇಲೆ ಅವನ ಕಣ್ಣು. ನಾನು ಅರಮನೆಯ ಓಲೆಗಳನ್ನು ಬರೆಯುವವನು. ಮೂವತ್ತು ವರ್ಷ ಬೇರೆಯವರ ಮಾತು ಬರೆದಿದ್ದೇನೆ. ನನ್ನದೇ ನಾಲ್ಕು ಮಾತು ಆಡಬೇಕಾದರೆ ಎರಡಕ್ಕೇ ನಿಲ್ಲುತ್ತೇನೆ. ಬೇರೆ ಕೆಲಸ ಬಾರದು.

ಕಲ್ಲುಕುಟಿಗರು ಯಾಕೆ ಕೆಲಸ ಬಿಟ್ಟರೆಂದು ನನಗೆ ಗೊತ್ತಿತ್ತು. ಅವರ ಹಿರಿಯ ದುರುಗಪ್ಪ ಬಂದು ಹೇಳಿದ್ದ. ಬಿಸಿಲಿಗೆ ಇಬ್ಬರು ತಲೆ ತಿರುಗಿ ಬಿದ್ದಿದ್ದರು. ಅವರು ಕೇಳಿದ್ದು ಒಂದು ಚಪ್ಪರ. ಅದನ್ನು ದೊರೆಗೆ ಅರಿಕೆ ಮಾಡಿದ್ದೆ. ಕಲ್ಲು ಒಡೆಯುವವರಿಗೆ ನೆರಳು ಬೇಕಾದರೆ ಅವರೇನು ವೀಳ್ಯದೆಲೆ ಬಳ್ಳಿಯೇ ಎಂದು ದೊರೆ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು. ಎರಡನೆಯ ಸಲ ಹೇಳುವ ಧೈರ್ಯ ಬರಲಿಲ್ಲ.

ಬರೆಯಲು ಕುಳಿತೆ. ಐದು ಗಳಿಗೆ ತುಂಬಬೇಕು. ದೊರೆಯ ವಂಶದಲ್ಲಿ ಹನ್ನೊಂದು ಹಿರಿಯರು. ಒಬ್ಬೊಬ್ಬರಿಗೂ ಒಂದೊಂದು ಯುದ್ಧ ಕೊಟ್ಟೆ. ಮೂರೇ ಗಳಿಗೆ ಆಯಿತು. ಕುದುರೆಗಳನ್ನು ಸೇರಿಸಿದೆ. ಮೂರನೆಯವರ ಕುದುರೆಯ ಹೆಸರು ಯಾರಿಗೂ ತಿಳಿಯದು. ನನ್ನ ಮಾವನ ಎತ್ತಿನ ಹೆಸರು ಹಾಕಿದೆ.

ಹೆಂಡತಿ ಗಿರಿಯವ್ವನಿಗೆ ಓದಿ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಳು. ಎರಡನೆಯ ಹಿರಿಯರು ಇನ್ನೂ ಕತ್ತಿ ಹಿರಿದಿರಲಿಲ್ಲ, ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

"ಇದನ್ನ ಕೇಳೋರಿಗೆ ಕೂಲಿ ಕೊಡ್ತಾರೇನ್ರೀ?" ಎಂದು ಅಲ್ಲಿಂದಲೇ ಕೇಳಿದಳು.

ಕೇಳುತ್ತಿದ್ದವಳು ಒಬ್ಬಳು. ಅವಳೂ ಎದ್ದಳು. ನನ್ನ ಕೆಲಸ ಮನೆಯಲ್ಲೇ ಹೋಗಿತ್ತು.

ದೊರೆಗೆ ಮಾತ್ರ ಬಲು ಇಷ್ಟವಾಯಿತು. ಚಾವಡಿಯಲ್ಲಿ ಕನ್ನಡಿ ಇಡಿಸಿ ಮೂರು ದಿನ ಅಭ್ಯಾಸ ಮಾಡಿದರು. ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಓಲೆಯಲ್ಲಿ ಗುರುತು ಹಾಕಿಸಿದರು. ಎರಡೂ ಕಡೆ ಆಳುಗಳು ಬೀಸಣಿಗೆ ಬೀಸುತ್ತಿದ್ದರು. ಚೆಲುವರಾಜ ಪ್ರತಿ ಯುದ್ಧಕ್ಕೂ ತಲೆದೂಗಿದ. ನನ್ನ ಮಾವನ ಎತ್ತಿಗೂ ತಲೆದೂಗಿದ.

ಮೂರನೆಯ ದಿನ ದೊರೆ ಬೆವರೊರೆಸಿಕೊಂಡು, ಅಭ್ಯಾಸ ಮುಗಿಯಿತಲ್ಲ ಎಂದರು.

"ಅರ್ಧ ಮುಗಿಯಿತು, ಪ್ರಭು."

"ಇನ್ನರ್ಧ ಯಾವುದು?"

"ಕೇಳುವ ಅಭ್ಯಾಸ. ಐದು ಗಳಿಗೆ ಏಳದೆ ಕೂರುವುದು ಹೇಗೆಂದು ಆ ಜನಕ್ಕೆ ತಿಳಿಯದು. ಯಾರಾದರೂ ಕೂತು ತೋರಿಸಬೇಕು. ತಮ್ಮ ಭಾಷಣವನ್ನು ತಮ್ಮಷ್ಟು ಚೆನ್ನಾಗಿ ಕೇಳುವವರು ಬೇರೆ ಯಾರಿದ್ದಾರೆ?"

ದೊರೆ ಹಿಗ್ಗಿದರು. ಐದೇಕೆ, ಹತ್ತು ಗಳಿಗೆ ಬೇಕಾದರೂ ಕೂರುತ್ತೇನೆ ಎಂದರು.

ಸಭೆ ನಡೆಯಬೇಕಾಗಿದ್ದದ್ದು ಗೋಡೆಯ ಬುಡದಲ್ಲಿ, ನಡುಮಧ್ಯಾಹ್ನ. ಸಭೆಯ ಹಿಂದಿನ ದಿನ ಅಲ್ಲಿಗೇ, ಅದೇ ಹೊತ್ತಿಗೆ ಹೋದೆವು. ಕಲ್ಲುಕುಟಿಗರಿಗೆ ಛತ್ರಿಯವರಿಲ್ಲ ಎಂದು ನೆನಪಿಸಿ ಛತ್ರಿಯವನನ್ನು ಕಳಿಸಿದೆ. ದೊರೆ ಕಲ್ಲುಚೂರುಗಳ ಮೇಲೆ ಕುಳಿತರು. ಚೆಲುವರಾಜ ಮೆಲ್ಲಗೆ ದೂರದ ಹುಣಸೆಮರದ ಅಡಿ ಸೇರಿದ.

ನಾನು ಎದುರಿಗೆ ನಿಂತು ಓದಿದೆ. ನನ್ನ ದನಿ ಎಣ್ಣೆ ಕಾಣದ ರಾಟೆಯದು. ಕೈ ಎತ್ತುವ ಗುರುತು ಬಂದಾಗ ಕೈಯನ್ನೂ ಎತ್ತಿದೆ. ಅದು ನೋಡಲು ಹೇಗಿತ್ತೆಂದು ಯಾರನ್ನೂ ಕೇಳಿಲ್ಲ.

ಮೊದಲನೆಯ ಹಿರಿಯರಿಗೆ ದೊರೆ ತಲೆದೂಗಿದರು. ಎರಡನೆಯವರ ಹೊತ್ತಿಗೆ ಪೇಟ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಮೂರನೆಯವರ ಹೊತ್ತಿಗೆ ಅಡಿಯಿಂದ ಒಂದು ಚೂರು ತೆಗೆದು ಎಸೆದರು. ಅದರ ಜಾಗದಲ್ಲಿ ಇನ್ನೊಂದು ಚುಚ್ಚಿತು.

"ಇನ್ನೆಷ್ಟು ಜನ ಇದ್ದಾರೆ?"

"ಎಂಟು ಜನ, ಪ್ರಭು. ಕುದುರೆಗಳು ಬೇರೆ."

ನಾಲ್ಕನೆಯವರು ಕುದುರೆ ಹತ್ತುವ ಮೊದಲೇ ದೊರೆ ಎದ್ದರು. ಮುಖ ಕೆಂಪಾಗಿತ್ತು.

"ಈ ಜಾಗದಲ್ಲಿ ಮನುಷ್ಯರು ಕೂರುತ್ತಾರೇನಯ್ಯಾ?"

"ಕೂರುವುದಿಲ್ಲ, ಪ್ರಭು. ಕಲ್ಲು ಒಡೆಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ."

ದೊರೆ ಗೋಡೆ ನೋಡಿದರು. ಸೂರ್ಯನನ್ನು ನೋಡಿದರು. ನನ್ನನ್ನು ಬಹಳ ಹೊತ್ತು ನೋಡಿದರು. ನಾನು ಓಲೆಯಿಂದ ಕಣ್ಣು ತೆಗೆಯಲಿಲ್ಲ. ಧೈರ್ಯ ಅಷ್ಟೇ ಇತ್ತು.

ದೊರೆ ಅರಮನೆಗೆ ನಡೆದರು.

ಸಭೆಯ ದಿನ ಕಲ್ಲುಕುಟಿಗರು ಬಂದು ಕುಳಿತರು. ಅವರ ಹಿಂದೆ ಆಳುಗಳು ಚಪ್ಪರದ ಕಂಬ ನೆಡುತ್ತಿದ್ದರು. ದೊರೆ ಎದ್ದು ನಿಂತರು. ನಾನು ಓಲೆಕಟ್ಟು ನೀಡಿದೆ. ತೆಗೆದುಕೊಳ್ಳಲಿಲ್ಲ.

"ನಿನ್ನೆ ಇಲ್ಲಿ ಕೂತು ನೋಡಿದೆ. ಸಂಜೆಯೊಳಗೆ ಚಪ್ಪರ ಏಳುತ್ತದೆ. ನಾಳೆ ಕೆಲಸಕ್ಕೆ ಬನ್ನಿ" ಎಂದು ಹೇಳಿ ಕುಳಿತರು.

ಇನ್ನೂ ಇದೆಯೇನೋ ಎಂದು ಜನ ಕಾದರು. ಇಲ್ಲವೆಂದು ಖಚಿತವಾದ ಮೇಲೆ ದುರುಗಪ್ಪ ಎದ್ದು ಕೈ ಮುಗಿದ. ನಾಳೆಯವರೆಗೆ ಯಾಕೆ, ಕಂಬ ಎತ್ತುವುದಕ್ಕೆ ಈಗಲೇ ಕೈ ಕೊಡುತ್ತೇವೆ ಎಂದ. ಎಲ್ಲರೂ ಎದ್ದು ಅತ್ತ ನಡೆದರು.

ಚೆಲುವರಾಜ ಮುಂದೆ ಬಂದ.

"ಐದು ಗಳಿಗೆ ಎಂದು ನಿಮ್ಮ ಅಪ್ಪಣೆ, ಭಾವ. ಇದು ಐದು ಉಸಿರೂ ಆಗಲಿಲ್ಲ. ಭಾಷಣ ಇನ್ನೂ ಮುಗಿದಿಲ್ಲ, ಜನವೆಲ್ಲ ಎದ್ದಾಯಿತು. ಇವನ ಕೆಲಸ ಹೋಯಿತು ತಾನೆ?"

ದೊರೆ ನನ್ನ ಕಡೆ ತಿರುಗಿದರು. ನಾನು ಓಲೆಕಟ್ಟಿನ ದಾರ ಬಿಚ್ಚಿದೆ.

"ಚೆಲುವರಾಜರು ಹೇಳಿದ್ದು ಸರಿ, ಪ್ರಭು. ಉಳಿದದ್ದೆಲ್ಲ ಇಲ್ಲಿದೆ. ಅವರು ಇಲ್ಲೇ ಕೂತರೆ ಓದಿ ಮುಗಿಸುತ್ತೇನೆ."

ಚೆಲುವರಾಜ ಓಲೆಕಟ್ಟಿನ ದಪ್ಪ ನೋಡಿದ. ನೆಲದ ಕಲ್ಲುಚೂರು ನೋಡಿದ. ಅರಮನೆಯಲ್ಲಿ ಏನೋ ಕೆಲಸವಿದೆ ಎಂದು ಹೊರಟುಹೋದ.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗೋಡೆ ಮಳೆಗೆ ಎಂಟು ದಿನ ಮೊದಲು ಮುಗಿಯಿತು. ಕೆಲಸ ನನ್ನ ಬಳಿಯೇ ಉಳಿಯಿತು.