ಗೌಡರ ಎಂಜಿನ್

ಪ್ರತಿವರ್ಷ ಬಿತ್ತನೆ ಹೊತ್ತಿಗೆ ಸರಿಯಾಗಿ ಛೇರ್ಮನ್ ನಂಜೇಗೌಡರು ಪುಟ್ಟತಾಯಮ್ಮನ ಟ್ರ್ಯಾಕ್ಟರನ್ನು ಪುಕ್ಕಟೆ ಒಯ್ಯುತ್ತಿದ್ದರು. ಇಲ್ಲ ಎನ್ನುವ ಎದೆ ಯಾರಿಗಿತ್ತು? ಈ ಸಲ ಆಕೆ ಸೌದೆ ಸೀಳುವ ಮಿಷನ್ನನ್ನು ಅದೇ ಟ್ರ್ಯಾಕ್ಟರಿಗೆ ಜೋಡಿಸಿಬಿಟ್ಟಳು.

"ಗಾಡಿ ಕೊಡವ್ವ" ಎಂದರು ಗೌಡರು.

"ತಗೊಂಡೋಗಿ ಗೌಡ್ರೇ. ಈ ರಾಶಿ ಮುಗೀಲಿ. ನಿಮ್ಮ ಮಗಳ ಮದುವೆ ಅಡುಗೆಗೇ ಸೀಳ್ತಿರೋದು, ಸೌದೆ ಕಮ್ಮಿ ಬೀಳಬಾರದಲ್ಲ."

ಗೌಡರು ಬಂದಾಗಲೆಲ್ಲ ಹೊಸ ದಿಮ್ಮಿ ಬಿದ್ದಿರುತ್ತಿತ್ತು. ಕೊನೆಗೆ ರೇಗಿ ತಮ್ಮ ಡೀಸೆಲ್ ಎಂಜಿನ್ನನ್ನೇ ಹೊರಿಸಿಕೊಂಡು ಬಂದರು. "ಇದಕ್ಕೆ ಬೆಲ್ಟ್ ಹಾಕಿ ಸೀಳ್ಕೊ. ಗಾಡಿ ಬಿಚ್ಚು."

ಎಂಜಿನ್ ಶುರುವಾಯಿತು. ಗೌಡರು ತಿರುಗಿ ನೋಡಿದರೆ ಟ್ರ್ಯಾಕ್ಟರೇ ಇಲ್ಲ.

"ನೀವು ಬಿಚ್ಚಿಸಿದ್ದೇ ತಡ, ನಮ್ಮೆಜಮಾನ್ರು ಹೊಲಕ್ಕೆ ಹೊಡ್ಕೊಂಡೋದ್ರು. ನಿಮ್ಮ ಪುಣ್ಯ, ಈ ವರ್ಷ ಹೊತ್ತಿಗೆ ಸರಿಯಾಗಿ ಬಿತ್ತನೆ ಆಗುತ್ತೆ."

ಗೌಡರು ಎಂಜಿನ್ ನಿಲ್ಲಿಸಲು ಕೈ ಚಾಚಿದರು. ಮಗಳ ಮದುವೆ ನೆನಪಾಗಿ ಹಿಂದಕ್ಕೆಳೆದುಕೊಂಡರು.

ಪುಟ್ಟತಾಯಮ್ಮ ನಿರಾಳವಾಗಿ ಕೂತು ಎಲೆಗೆ ಸುಣ್ಣ ಹಚ್ಚಿದಳು.