ಹಸಿಮಣ್ಣಿನ ದವಡೆಗಳು

ಕರಡಿಯೊಂದು ಹುತ್ತವನ್ನು ಮೂಸಿ ಹೋದ ಮರುದಿನ ಗೆದ್ದಲುಗಳ ದಳಪತಿ ಸಭೆ ಕರೆದ. "ಗೋಡೆ ಎಲ್ಲಾದರೂ ಸಡಿಲವಾಗಿದೆಯೆ?" ಎಂದು ಕೇಳಿದ. ಯಾರೂ ತುಟಿಪಿಟಕ್ ಎನ್ನಲಿಲ್ಲ.

ಮುದಿ ಗೆದ್ದಲೊಂದು ಹೇಳಿತು: "ಬಾಯಲ್ಲಿ ಹೇಳುವುದು ಬೇಡ. ನಮ್ಮ ಕೆಲಸ ಕೆಡಿಸುತ್ತಿರುವ ಭಯ ಯಾವುದೋ ಅದನ್ನು ಎಲ್ಲರೂ ಹಸಿಮಣ್ಣಿನಲ್ಲಿ ಕಟ್ಟಿ ತೋರಿಸೋಣ. ಆಟವೆಂದೇ ತಿಳಿಯಿರಿ. ದಳಪತಿಗಳೂ ಕಟ್ಟಲಿ."

ದಳಪತಿ ಕರಡಿಯ ಮೂತಿ ಕಟ್ಟಿದ. ಆಮೇಲೆ ಉಳಿದವರು ಕಟ್ಟಿದ್ದನ್ನು ಕತ್ತಲಲ್ಲಿ ಮೀಸೆಯಿಂದ ತಡವುತ್ತ ಹೋದ. ಮೊದಲನೆಯದು ಒಂದು ಜೋಡಿ ದವಡೆ. ಎರಡನೆಯದೂ ದವಡೆ. ಸಾಲಿನ ಕೊನೆಯವರೆಗೂ ಅದೇ. ಪ್ರತಿಯೊಂದರಲ್ಲೂ ಎಡದವಡೆಯ ತುದಿ ಮುರಿದಿತ್ತು, ಥೇಟ್ ದಳಪತಿಯ ದವಡೆಯಂತೆ.

"ನಿಮಗೆ ಕರಡಿಯ ಭಯವಿಲ್ಲವೆ?" ದಳಪತಿ ಕೇಳಿದ.

"ಕರಡಿ ವರ್ಷಕ್ಕೊಮ್ಮೆ ಬರುತ್ತದೆ," ಎಂದಿತು ಮುದಿ ಗೆದ್ದಲು.

ಆಗ ಕೆಲಸದ ಗೆದ್ದಲೊಂದು ಧೈರ್ಯ ಮಾಡಿ, "ಮೂಡಣ ಗೋಡೆ ಬಿರುಕು ಬಿಟ್ಟು ಮೂರು ದಿನವಾಯಿತು," ಎಂದಿತು.

"ಮೊದಲೇ ಯಾಕೆ ಬೊಗಳಲಿಲ್ಲ?" ದಳಪತಿ ದವಡೆ ಅಗಲಿಸಿ ಗದರತೊಡಗಿದ.

ಅಷ್ಟರಲ್ಲಿ ಮೂಡಣ ಗೋಡೆಯಾಚೆ ಉಗುರು ಕೆರೆಯುವ ಸದ್ದಾಯಿತು. ಗದರುತ್ತಿದ್ದ ದಳಪತಿಗೆ ಅದು ಕೇಳಿಸಲಿಲ್ಲ. ಉಳಿದವರೆಲ್ಲರಿಗೂ ಕೇಳಿಸಿತು, ಅವನಿಗೆ ಹೇಳಲು ಯಾರೂ ಬಾಯಿ ತೆರೆಯಲಿಲ್ಲ.